ಸಂಕಪ್ಪಣ್ಣನ ಗಂಟೆಯೂ ದುಗ್ಗಪ್ಪನ ಗೋಳಿಬಜೆಯೂ

ಕಾವೂರಿನ ಆ ಹುಡುಗರ ಹಾಸ್ಟೆಲಿನಲ್ಲಿ ವಾರ್ಡನ್ ಸಂಕಪ್ಪ ಶೆಟ್ಟರ ದನಿ ಕೇಳದೆ ಯಾರಿಗೂ ಬೆಳಗಾಗುತ್ತಿರಲಿಲ್ಲ. ನೆತ್ತಿಯ ಮೇಲೆಯೇ ವಿಮಾನ ಇಳಿದರೂ ಮಗ್ಗುಲು ಬದಲಿಸದ ಹುಡುಗರು ಅವರ ಒಂದು ಕೂಗಿಗೆ ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದರು. ಕೂರುತ್ತಿದ್ದರು, ಅಷ್ಟೆ. ಎದ್ದು ಹೊರಗೆ ಬರುವುದು ಬೇರೆಯೇ ಮಾತು, ಈ ಕಥೆಯೆಲ್ಲ ಇರುವುದು ಅದರಲ್ಲೇ.

ಸಂಕಪ್ಪಣ್ಣ ಮುಂಬಯಿಯ ಹೋಟೆಲುಗಳಲ್ಲಿ ಮೇಜು ಒರೆಸುವುದರಿಂದ ಶುರುಮಾಡಿ ಗಲ್ಲಾದ ಮೇಲೆ ಕೂರುವವರೆಗೆ ಏರಿದವರು. ಆಯುಷ್ಯದ ದೊಡ್ಡ ಪಾಲು ಅಲ್ಲೇ ಕಳೆಯಿತು. ಊರಿಗೆ ಮರಳಿ ವಾರ್ಡನ್ ಆದ ಮೇಲೂ ಗಂಟಲಿನಿಂದ ಹೋಟೆಲು ಹೋಗಲಿಲ್ಲ. ಕೋಣೆಗಳಲ್ಲಿ ಒಲೆ ಇಡಬಾರದೆಂಬ ನಿಯಮ ಮುರಿದು ಯಾರಾದರೂ ಸಿಕ್ಕಿಬಿದ್ದರೆ, ಅವರು ಮೇಲಿನ ಜಗಲಿಯಲ್ಲಿ ನಿಂತು ಕೆಳಗಿನ ಅಡುಗೆಮನೆಗೆ ಕೇಳುವಂತೆ ಕೂಗುತ್ತಿದ್ದರು: "ಹನ್ನೆರಡನೇ ನಂಬ್ರಕ್ಕೆ ಒಂದು ಇಂಡಕ್ಷನ್, ಒಂದು ನೂಡಲ್ಸ್, ಪಾರ್ಸೆಲ್." ಅಡುಗೆಯ ದುಗ್ಗಪ್ಪ ಮೆಟ್ಟಿಲು ಹತ್ತಿ ಬಂದು ಒಲೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೋಗುತ್ತಿದ್ದ. ನೂಡಲ್ಸ್ ಎಲ್ಲಿಗೆ ಹೋಗುತ್ತಿತ್ತೆಂದು ಯಾರೂ ಕೇಳುತ್ತಿರಲಿಲ್ಲ.

ಬೆಂಕಿಯೆಂದರೆ ಅವರಿಗೆ ಜೀವ ಹೋಗುವಷ್ಟು ಹೆದರಿಕೆ. ಹಿಂದೆ ಒಂದು ಹೋಟೆಲಿನಲ್ಲಿ ಹೊತ್ತಿದ ಎಣ್ಣೆಗೆ ಯಾರೋ ಬುದ್ಧಿವಂತ ಬಿಂದಿಗೆಯಷ್ಟು ನೀರು ಹೊಯ್ದು, ಜ್ವಾಲೆ ಮಾಡಿನವರೆಗೆ ಹಾರಿದ್ದನ್ನು ಕಣ್ಣಾರೆ ಕಂಡವರು. ಹಾಗಾಗಿ ಮೆಸ್ಸಿನಲ್ಲಿ ಹುಡುಗರು ಊಟಕ್ಕೆ ಕೂತಾಗಲೆಲ್ಲ ಬೊಬ್ಬೆ ಹೊಡೆಯುತ್ತಿದ್ದರು: "ಎಣ್ಣೆಗೆ ಬೆಂಕಿ ಬಿದ್ರೆ ನೀರು ಹಾಕ್ಲಿಕ್ಕಿಲ್ಲ. ಮೊದಲು ಗ್ಯಾಸ್ ಬಂದ್, ಮತ್ತೆ ಮುಚ್ಚಳ." ಹುಡುಗರು ಸಾಂಬಾರು ಕಲಸುತ್ತ ಅದೇ ರಾಗದಲ್ಲಿ ದನಿಗೂಡಿಸುತ್ತಿದ್ದರು. ಶಿರ್ವದ ಇರ್ವಿನ್ ಎಂಬವನಂತೂ ತಟ್ಟೆ ಬಡಿದು ತಾಳ ಹಾಕುತ್ತಿದ್ದ. ತನ್ನ ಮಾತು ಇವರ ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೊರಟುಹೋಗುತ್ತದೆಂದು ಸಂಕಪ್ಪಣ್ಣನಿಗೆ ಖಾತ್ರಿಯಿತ್ತು. ಆದರೂ ಮರುದಿನ ಮತ್ತೆ ಬೊಬ್ಬೆ.

ಇಷ್ಟೊಂದು ಕಷ್ಟ ಯಾಕೆ, ಮನೆಯಲ್ಲಿ ಹಾಯಾಗಿ ಇರಬಹುದಿತ್ತಲ್ಲ ಎಂದರೆ, ಮನೆಯ ಸಂಗತಿ ಬೇರೆ. ಅವರು ಮುಂಬಯಿಯಲ್ಲಿದ್ದಷ್ಟು ಕಾಲ ಉಳ್ಳಾಲದ ಮನೆಯನ್ನು ನಡೆಸಿದವರು ಹೆಂಡತಿ ಶಶಿಪ್ರಭಾ. ಗಂಡ ಖಾಯಂ ಆಗಿ ಬಂದಾಗ ಆಕೆ ಸಂತೋಷದಿಂದಲೇ ಬರಮಾಡಿಕೊಂಡರು. ನೆಂಟರಿಗೆ ಕೊಡುವ ತಟ್ಟೆಯಲ್ಲಿಟ್ಟು ಚಹಾ ಕೊಟ್ಟರು. ತಿಂಗಳು ಕಳೆದರೂ ಚಹಾ ಅದೇ ತಟ್ಟೆಯಲ್ಲೇ ಬರುತ್ತಿತ್ತು. ಇವರು ಪಂಪಿನ ಸ್ವಿಚ್ಚಿಗೆ ಕೈಹಾಕಿದರೆ "ಬಿಡಿ, ನಿಮಗೆ ಗೊತ್ತಾಗುದಿಲ್ಲ", ಮೀನು ತರಲು ಹೊರಟರೆ "ಬಿಡಿ, ನಿಮಗೆ ಹಳತು ಕೊಡ್ತಾರೆ". ನೂರಾರು ಮಂದಿಗೆ ಉಣಬಡಿಸಿದ ಮನುಷ್ಯನಿಗೆ ತನ್ನ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ತಿಳಿಯದು. ಅದು ಅವರಿಗೆ ಬಹಳ ನೋವಿನ ಸಂಗತಿಯಾಗಿತ್ತು, ಹೇಳಿಕೊಳ್ಳಲು ನಾಚಿಕೆ ಬೇರೆ. ಹಾಸ್ಟೆಲಿನ ಕೆಲಸ ಸಿಕ್ಕಿದ್ದೇ ತಡ, ಅದನ್ನು ಎರಡೂ ಕೈಯಿಂದ ಹಿಡಿದುಕೊಂಡರು.

ಈಗ ಆ ಕೆಲಸಕ್ಕೇ ಕುತ್ತು ಬಂದಿತ್ತು. ಬೆಂಕಿಯ ಅಣಕು ತಾಲೀಮಿನಲ್ಲಿ ಗಂಟೆ ಹೊಡೆದರೆ ಅರ್ಧ ಹುಡುಗರೂ ಹೊರಗೆ ಬರುತ್ತಿರಲಿಲ್ಲ. ಒಬ್ಬನಿಗೆ ಜ್ವರ, ಒಬ್ಬನಿಗೆ ಸ್ನಾನ, ಮತ್ತೊಬ್ಬ ನಿಜವಾದ ಬೆಂಕಿ ಬಿದ್ದಾಗ ಹೇಳಿ, ಬರ್ತೇನೆ ಎನ್ನುತ್ತಿದ್ದ. ಆಡಳಿತದವರು ಸಂಕಪ್ಪಣ್ಣನನ್ನು ಕರೆದು, ವಿಶ್ವವಿದ್ಯಾಲಯದ ಸುರಕ್ಷಾ ಅಧಿಕಾರಿ ಬರುತ್ತಾರೆ, ಅವರ ಎದುರು ಎಲ್ಲರೂ ಹೊರಗೆ ಬರಬೇಕು, ಇಲ್ಲವಾದರೆ ಹಾಸ್ಟೆಲನ್ನು ಯಾವುದಾದರೂ ಸೆಕ್ಯುರಿಟಿ ಕಂಪೆನಿಗೆ ಒಪ್ಪಿಸುತ್ತೇವೆ, ನೀವು ಮನೆಗೆ ಹೋಗಿ ಆರಾಮ ಮಾಡಿ ಎಂದರು. ಆರಾಮ ಎಂಬ ಶಬ್ದ ಕೇಳಿ ಸಂಕಪ್ಪಣ್ಣನಿಗೆ ಬೆವರು ಬಂತು.

ದಾರಿ ತೋರಿಸಿದ್ದು ಗೋಳಿಬಜೆ. ಒಂದು ಸಂಜೆ ಹುಳಿಮೊಸರು ಹೆಚ್ಚಾಯಿತೆಂದು ದುಗ್ಗಪ್ಪ ಅದಕ್ಕೆ ಮೈದಾ, ಶುಂಠಿ, ಹಸಿಮೆಣಸು ಕಲಸಿ ಬಾಣಲೆಗೆ ಬಿಟ್ಟ. ಗಂಟೆಯಿಲ್ಲ, ಕೂಗಿಲ್ಲ, ಮೊದಲ ಒಬ್ಬೆಯ ಬಜೆ ಎಣ್ಣೆಯಿಂದ ಏಳುವ ಮೊದಲೇ ಮೆಸ್ಸಿನ ಬಾಗಿಲಲ್ಲಿ ಇಡೀ ಹಾಸ್ಟೆಲು ನಿಂತಿತ್ತು. ಜ್ವರದವನೂ ಇದ್ದ. ಸಂಕಪ್ಪಣ್ಣ ಆ ಗುಂಪನ್ನೇ ನೋಡಿದರು. ಹೋಟೆಲಿನವನ ತಲೆ ಅಲ್ಲವೇ, ಓಡಿತು.

ಮುಂದಿನ ತಾಲೀಮಿಗೆ ದುಗ್ಗಪ್ಪ ಮೊದಲೇ ಬಜೆ ಕರಿದು ಬುಟ್ಟಿಯಲ್ಲಿ ತುಂಬಿ ಹೊರಗೆ ತೆಂಗಿನಮರದ ಕೆಳಗಿಟ್ಟ. 'ಸುರಕ್ಷಿತವಾಗಿ ಸೇರುವ ಸ್ಥಳ' ಎಂಬ ಬೋರ್ಡು ಇದ್ದದ್ದು ಅಲ್ಲೇ. ಹಾಸ್ಟೆಲಿಗೆ ಇದ್ದ ಖಾಲಿ ಜಾಗ ಅದೊಂದೇ, ಮತ್ತು ಅಲ್ಲಿ ಕಾಯಿ ತುಂಬಿದ ಎರಡು ಮರ. ಬೋರ್ಡು ನೆಟ್ಟ ವಾರವೇ ಅದರ ಪಕ್ಕಕ್ಕೆ ದೊಪ್ಪನೆ ಒಂದು ಕಾಯಿ ಬಿದ್ದಿತ್ತು. ಕಾಯಿ ಕೀಳುವವನು ನಾಳೆ ಬರ್ತೇನೆ ಎಂದವನು ಇನ್ನೂ ಬಂದಿರಲಿಲ್ಲ. ಆದರೆ ಬಜೆಯ ಮುಂದೆ ತಲೆಯ ಚಿಂತೆ ಯಾರಿಗೆ? ಗಂಟೆ ಹೊಡೆದದ್ದೇ ತಡ, ಹುಡುಗರು ತಟ್ಟೆ ಹಿಡಿದು ಮೆಟ್ಟಿಲು ಇಳಿದು ಬಂದರು.

ಆವತ್ತು ಹಿಂದೆ ಉಳಿದವನು ದುಗ್ಗಪ್ಪ ಒಬ್ಬನೇ, ಚಟ್ನಿ ಅರೆಯುತ್ತಿದ್ದ. ಸಂಕಪ್ಪಣ್ಣ ಅವನನ್ನು ಸರಿಯಾಗಿ ಬೈದರು. ಗಂಟೆ ಕೇಳಿದ ಮೇಲೆ ಕೈಯಲ್ಲಿ ಏನಿದ್ದರೂ ಬಿಟ್ಟು ಬರಬೇಕು, ಚಟ್ನಿಯಾದರೂ ಸರಿ, ಚಿನ್ನವಾದರೂ ಸರಿ. ದುಗ್ಗಪ್ಪ ಆ ಮಾತನ್ನು ಗಟ್ಟಿಯಾಗಿ ಮನಸ್ಸಿಗೆ ಹಾಕಿಕೊಂಡ. ಒಂದು ಮಾತು ಮನಸ್ಸಿಗೆ ಹೋದರೆ ಅದನ್ನು ಹೊರತೆಗೆಯುವುದು ಅವನಲ್ಲಿ ಬಹಳ ಕಷ್ಟ.

ಅಧಿಕಾರಿ ಬರುವ ದಿನ ಬಂತು. ಹೆಸರು ಜುವೈರಿಯಾ, ಕಿರಿಯ ವಯಸ್ಸಿನ ಇಂಜಿನಿಯರು, ಮಾತು ಕಡಿಮೆ, ಕಣ್ಣು ಚುರುಕು. ಸಂಜೆ ಐದಕ್ಕೆ ಬರುತ್ತಾರೆಂದು ಆಡಳಿತದವರು ಹೇಳಿದ್ದರು. ಹಾಗಾಗಿ ನಾಲ್ಕಕ್ಕೆ ದುಗ್ಗಪ್ಪ ಬಾಣಲೆಗೆ ಎಣ್ಣೆ ಹೊಯ್ದಿದ್ದ. ಈ ಸಲ ಬಜೆ ಆಮೇಲೆ, ಅಧಿಕಾರಿ ಹೋದ ನಂತರ, ಯಾರೂ ತಟ್ಟೆ ತರಬೇಡಿ ಎಂದು ಸಂಕಪ್ಪಣ್ಣ ಪ್ರತಿ ಕೋಣೆಗೂ ಹೋಗಿ ಕೈಮುಗಿದು ಬಂದಿದ್ದರು. ಆದರೆ ಜುವೈರಿಯಾ ನಾಲ್ಕೂವರೆಗೇ ಬಂದರು. ನಮಸ್ಕಾರ ಮುಗಿಯುವ ಮೊದಲೇ ಗೇಟಿನ ಪಕ್ಕದ ಗಂಟೆಯ ಸ್ವಿಚ್ಚನ್ನು ತಾವೇ ಒತ್ತಿಬಿಟ್ಟರು.

ಹುಡುಗರು ಬಂದರು. ಇಷ್ಟು ಬೇಗ, ಇಷ್ಟು ಶಿಸ್ತಾಗಿ ಬೇರೆ ಯಾವ ಹಾಸ್ಟೆಲಿನಲ್ಲೂ ಬಂದಿರಲಾರರು. ಎಲ್ಲರ ಕೈಯಲ್ಲೂ ಕಳೆದ ಸಲದ ಹಾಗೆಯೇ ಸ್ಟೀಲಿನ ತಟ್ಟೆ ಮಿಂಚುತ್ತಿತ್ತು.

ಜುವೈರಿಯಾ ತಟ್ಟೆಗಳನ್ನು ನೋಡಿದರು, ಸಂಕಪ್ಪಣ್ಣನ ಮುಖ ನೋಡಿದರು. ಇದು ಎಂತ ಎಂದು ಕೇಳಿದರು. ಸಂಕಪ್ಪಣ್ಣನ ಕಣ್ಣು ತಾನಾಗಿ ಮೇಲೆ ಹೋಯಿತು, ಅಲ್ಲಿ ತೆಂಗಿನಕಾಯಿ ಕಂಡಿತು.

"ತಲೆಗೆ ಮೇಡಂ," ಎಂದರು. "ಕಾಯಿ ಬೀಳ್ತದೆ."

ಪುತ್ತೂರಿನ ರಿತೇಶ್ ಚುರುಕು ಹುಡುಗ, ತಟಕ್ಕನೆ ತಟ್ಟೆ ತಲೆಯ ಮೇಲಿಟ್ಟುಕೊಂಡ. ಅವನನ್ನು ನೋಡಿ ಪಕ್ಕದವನು, ಅವನನ್ನು ನೋಡಿ ಹಿಂದಿನವನು. ಕ್ಷಣದಲ್ಲಿ ಅಷ್ಟೂ ಹುಡುಗರು ತಟ್ಟೆ ಹೊತ್ತು ಗಂಭೀರವಾಗಿ ನಿಂತರು. ಜುವೈರಿಯಾ ಒಮ್ಮೆ ಮೇಲೆ ನೋಡಿ ಎರಡು ಹೆಜ್ಜೆ ಪಕ್ಕಕ್ಕೆ ಸರಿದರು.

ಇನ್ನು ಎಣಿಕೆ. ಹಾಸ್ಟೆಲಿನಲ್ಲಿ ಇದ್ದದ್ದು ಅರವತ್ತನಾಲ್ಕು ಹುಡುಗರು. ಎಷ್ಟು ಗದ್ದಲವಿದ್ದರೂ ಒಂದು ಕಣ್ಣು ಹಾಯಿಸಿ ಎಷ್ಟು ಊಟ ಎಂದು ಹೇಳಬಲ್ಲವರು ಸಂಕಪ್ಪಣ್ಣ. ಕಣ್ಣು ಹಾಯಿಸಿದರು. ಮತ್ತೊಮ್ಮೆ ಹಾಯಿಸಿದರು. ಒಬ್ಬ ಕಡಿಮೆ. ತಟ್ಟೆ ಬಡಿಯುವ ಇರ್ವಿನ್ ಇಲ್ಲ.

ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ ಕಪ್ಪು ಹೊಗೆ ಬರತೊಡಗಿತು. ಈ ಸಲ ಹೊಗೆಯನ್ನೂ ಇಟ್ಟಿದ್ದಾರೆಂದು ಹುಡುಗರು ಮೆಚ್ಚಿ ಚಪ್ಪಾಳೆ ತಟ್ಟಿದರು. ಸಂಕಪ್ಪಣ್ಣ ತಿರುಗಿ ನೋಡಿದರೆ ಮರದ ಬುಡದಲ್ಲಿ ದುಗ್ಗಪ್ಪ ಕೈಕಟ್ಟಿ ನಿಂತಿದ್ದಾನೆ, ಕೈಬೆರಳಿಗೆಲ್ಲ ಹಿಟ್ಟು. ಬಾಣಲೆ ಎಂತಾಯಿತು ಎಂದು ಕೇಳಿದರೆ, ಒಲೆಯ ಮೇಲೆ ಉಂಟು ಎಂದ. ಗ್ಯಾಸು? ಅದೂ ಉಂಟು. ಕೈಯಲ್ಲಿ ಏನಿದ್ದರೂ ಬಿಟ್ಟು ಬರಬೇಕೆಂದು ನೀವೇ ಹೇಳಿದ್ದಲ್ಲವೇ ಎಂದು ಅವನು ಮುಗ್ಧನಾಗಿ ಕೇಳುವಾಗ ಸಂಕಪ್ಪಣ್ಣ ಅಲ್ಲಿರಲಿಲ್ಲ.

ಒಮ್ಮೆ ಹೊರಗೆ ಬಂದವರು ಒಳಗೆ ಹೋಗಬಾರದೆಂಬುದು ಅವರದೇ ನಿಯಮ. ಅದನ್ನು ಮರೆತು, ಲುಂಗಿ ಎತ್ತಿ ಕಟ್ಟಿ, ಅಯ್ಯೋ ದೇವೆರೇ ಎನ್ನುತ್ತ ಓಡಿದರು. ಹಿಂದಿನಿಂದ ಜುವೈರಿಯಾ, ನಿಲ್ಲಿ ಎಂದು ಕೂಗುತ್ತ, ಗೇಟಿನ ಹತ್ತಿರದ, ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಹೊತ್ತು ಓಡಿದರು. ಕೆಲಸ ಹೋದರೆ ಹೋಗಲಿ, ಮನೆಯಲ್ಲಿ ಸಾಯುವವರೆಗೆ ಆ ತಟ್ಟೆಯಲ್ಲೇ ಚಹಾ ಕುಡಿಯುತ್ತೇನೆ, ಈ ಹುಡುಗನೊಬ್ಬ ಸಿಗಲಿ ಎಂದು ಸಂಕಪ್ಪಣ್ಣ ಕಂಡ ದೈವಗಳಿಗೆಲ್ಲ ಹೇಳಿಕೊಂಡರು.

ಅಡುಗೆಮನೆಯಲ್ಲಿ ಹೊಗೆ ಇತ್ತು, ಬೆಂಕಿ ಇರಲಿಲ್ಲ. ಗ್ಯಾಸ್ ಆರಿತ್ತು. ಬಾಣಲೆಯ ಮೇಲೆ ಅನ್ನದ ಹಂಡೆಯ ದೊಡ್ಡ ಮುಚ್ಚಳ ಕವುಚಿಕೊಂಡಿತ್ತು. ಹಿಂದಿನ ಬಾಗಿಲ ಹತ್ತಿರ ಇರ್ವಿನ್ ಕೆಮ್ಮುತ್ತ ನಿಂತಿದ್ದ. ಒಂದು ಹುಬ್ಬು ಸುಟ್ಟಿತ್ತು, ಕೈಯ ತಟ್ಟೆಯಲ್ಲಿ ಇದ್ದಿಲಿನಂಥ ನಾಲ್ಕೈದು ಬಜೆಗಳಿದ್ದವು. ಹೊರಗಿನ ಸಾಲಿನಲ್ಲಿ ನಿಂತರೆ ತಣಿದದ್ದು ಸಿಗುತ್ತದೆ, ಬಿಸಿಯದ್ದು ಬೇಕೆಂದು ಹಿಂದಿನ ಮೆಟ್ಟಿಲಿನಿಂದ ನೇರ ಅಡುಗೆಮನೆಗೆ ನುಗ್ಗಿದ್ದನಂತೆ. ಆಗ ಎಣ್ಣೆ ಭಗ್ಗೆಂದಿತಂತೆ.

ಸಂಕಪ್ಪಣ್ಣ ಅಕ್ಕಿಮುಡಿಯ ಮೇಲೆ ಕುಸಿದು ಕೂತರು.

"ನೀನು ಲೆಕ್ಕದಲ್ಲಿ ಕಡಿಮೆ ಬಂದಿ ಮಾರಾಯ," ಎಂದರು. ಬೈಯಬೇಕೆಂದಿದ್ದರು, ಅಳು ಬಂತು.

ನೀರು ಹಾಕದೆ ಮುಚ್ಚಳ ಹಾಕಬೇಕೆಂದು ನಿನಗೆ ಹೇಳಿದ್ದು ಯಾರು ಎಂದು ಜುವೈರಿಯಾ ಕೇಳಿದರು.

"ಇವರೇ ಅಲ್ವಾ ಮೇಡಂ," ಎಂದ ಇರ್ವಿನ್. "ದಿನಾ ಊಟಕ್ಕೆ ಕೂತಲ್ಲಿ ಬೊಬ್ಬೆ ಹೊಡೀತಾರೆ. ಈಗ ಮುಚ್ಚಳ ನೋಡಿದ್ರೆ ಸಾಕು, ನನಗೆ ಇವರ ಸ್ವರ ಕೇಳ್ತದೆ."

ಸಂಕಪ್ಪಣ್ಣ ತಲೆ ಎತ್ತಿ ಹುಡುಗನನ್ನು ನೋಡಿದರು. ಇಷ್ಟು ದಿನ ಗೋಡೆಗೆ ಹೇಳುತ್ತಿದ್ದೇನೆ ಎಂದುಕೊಂಡಿದ್ದರು.

ಜುವೈರಿಯಾ ಮಾತ್ರ ಕರಗುವ ಜನವಲ್ಲ. ಒಬ್ಬ ಹೊರಗೆ ಬರಲಿಲ್ಲ, ವಾರ್ಡನ್ನರೇ ಒಳಗೆ ನುಗ್ಗಿದರು, ಬಜೆಗಾಗಿ ಹೊತ್ತಿಸಿದ ಒಲೆಯಿಂದಲೇ ಬೆಂಕಿ, ಆದ್ದರಿಂದ ಇಂದಿನ ತಾಲೀಮು ಫೇಲ್ ಎಂದರು. ಮರದ ಕಾಯಿ ಕೀಳಿಸಬೇಕು, ಗ್ಯಾಸ್ ಆರಿಸಿಯೇ ಅಡುಗೆಯವರು ಹೊರಗೆ ಬರಬೇಕು, ಇನ್ನು ಮುಂದೆ ಬಜೆಯ ಲಂಚ ಇಲ್ಲ. ತಾನು ಮುಂದಿನ ತಿಂಗಳು ಹೇಳದೆ ಬರುತ್ತೇನೆ, ಆಗಲೂ ಕಡಿಮೆಯಾದರೆ ತನ್ನ ಕೈಯಲ್ಲಿ ಏನೂ ಇಲ್ಲ ಎಂದು ಹೊರಟುಹೋದರು.

ಬಜೆ ಇಲ್ಲದೆ ಯಾರು ಬರುತ್ತಾರೆ? ಸಂಕಪ್ಪಣ್ಣ ಭಾನುವಾರ ಉಳ್ಳಾಲಕ್ಕೆ ಹೋದವರು, ಇನ್ನು ಮನೆಯಲ್ಲೇ ಇರಬೇಕಾದೀತೋ ಏನೋ ಎಂದು ಹೆಂಡತಿಗೆ ಹೇಳಿದರು. ಶಶಿಪ್ರಭಾ, ಆ ಹುಡುಗರಿಗೆ ಬೊಬ್ಬೆ ಹೊಡೆಯಲು ಮತ್ತೆ ಯಾರಿದ್ದಾರೆ ಎಂದು ಕೇಳಿದರು. ನಿಜಕ್ಕೂ ಕಾಳಜಿಯಿಂದ ಕೇಳಿದರೋ, ಹೆದರಿ ಕೇಳಿದರೋ ತಿಳಿಯಲಿಲ್ಲ.

ಮುಂದಿನ ತಿಂಗಳ ಒಂದು ಸಂಜೆ ಗೇಟಿನ ಗಂಟೆ ಹೊಡೆಯಿತು. ಸಂಕಪ್ಪಣ್ಣ ಹೊರಗೆ ಬಂದು ನೋಡಿದರೆ ಜುವೈರಿಯಾ. ಅಡುಗೆಮನೆಯಲ್ಲಿ ಹೆಸರುಕಾಳು ಬೇಯುತ್ತಿತ್ತು, ಅದರ ವಾಸನೆಗೆ ಯಾವ ಹುಡುಗನೂ ಏಳುವ ಹಾಗಿರಲಿಲ್ಲ. ದುಗ್ಗಪ್ಪ ಗ್ಯಾಸ್ ಆರಿಸಿ, ಆರಿಸಿದ್ದನ್ನು ಮೂರು ಸಲ ಜೋರಾಗಿ ಹೇಳಿ ಬಂದು ನಿಂತ. ಮೆಟ್ಟಿಲ ಮೇಲೆ ಯಾರೂ ಇಲ್ಲ. ಸಂಕಪ್ಪಣ್ಣ ಕಾಯಿ ಕಿತ್ತ ಬೋಳು ಮರದ ಕೆಳಗೆ ನಿಂತು ನೆಲ ನೋಡಿದರು.

ಆಮೇಲೆ ಚಪ್ಪಲಿಗಳ ಸದ್ದು ಕೇಳಿಸಿತು. ಎಲ್ಲರಿಗಿಂತ ಮುಂದೆ ಒಂದೂವರೆ ಹುಬ್ಬಿನ ಇರ್ವಿನ್. ಹಿಂದಿನಿಂದ ಜ್ವರದವನು, ಸ್ನಾನದವನು, ನಿಜವಾದ ಬೆಂಕಿಗೆ ಕಾಯುತ್ತಿದ್ದವನು. ಯಾರ ಕೈಯಲ್ಲೂ ತಟ್ಟೆ ಇರಲಿಲ್ಲ. ಸಾಲಾಗಿ ಬಂದು ನಿಂತರು.

ಸಂಕಪ್ಪಣ್ಣ ಕಣ್ಣು ಹಾಯಿಸಿದರು. ಕಣ್ಣು ಒರೆಸಿ ಮತ್ತೆ ಹಾಯಿಸಿದರು. ಅವರ ಲೆಕ್ಕ ತಪ್ಪಿದ್ದೇ ಇಲ್ಲ, ಈಗಲೂ ತಪ್ಪಿರಲಿಲ್ಲ. ಒಬ್ಬ ಹೆಚ್ಚಿದ್ದ.

ಕೊನೆಯಲ್ಲಿ, ಸೊಂಟಕ್ಕೆ ಟವೆಲು ಸುತ್ತಿ, ಮೈತುಂಬ ಸಾಬೂನಿನ ನೊರೆಯಲ್ಲಿ, ಕಂಡೇ ಇರದ ಒಂದು ಮುಖ. ಜುವೈರಿಯಾ ಲೆಕ್ಕ ಸರಿ ಉಂಟಾ ಎಂದು ಕೇಳಿದರು. ಹೌದು ಎಂದಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಸಂಕಪ್ಪಣ್ಣನ ನಾಲಿಗೆ ಆ ಸುಳ್ಳಿಗೆ ಹೊರಳಲಿಲ್ಲ.

"ಒಂದು ಎಕ್ಸ್‌ಟ್ರಾ ಉಂಟು ಮೇಡಂ," ಎಂದರು.

ಅವನು ದೀಪೇಶ್, ರಿತೇಶನ ಚಿಕ್ಕಪ್ಪನ ಮಗ. ಇಂಟರ್‌ವ್ಯೂಗೆಂದು ಬಂದವನು, ಹೊರಗಿನವರು ಉಳಿಯಬಾರದೆಂಬ ನಿಯಮ ಮುರಿದು ಒಂದು ವಾರದಿಂದ ಇಪ್ಪತ್ತನೇ ಕೋಣೆಯ ಮಂಚದ ಕೆಳಗೆ ಸಂಸಾರ ಮಾಡುತ್ತಿದ್ದ. ಅಡಗಿರುವವನು ಯಾಕೆ ಹೊರಗೆ ಬಂದೆ ಎಂದು ಜುವೈರಿಯಾ ಕೇಳಿದಾಗ ಅವನು ನೊರೆ ಒರೆಸಿಕೊಳ್ಳುತ್ತ ತಲೆ ತಗ್ಗಿಸಿದ.

"ಗಂಟೆ ಹೊಡೆದಾಗ ಒಬ್ಬ ಒಳಗೆ ಉಳಿದ್ರೂ ಸಂಕಪ್ಪಣ್ಣನ ಕೆಲಸ ಹೋಗ್ತದೆ ಅಂತ ಇವರೆಲ್ಲ ಹೇಳಿದ್ರು," ಎಂದ. "ನಾನೂ ಒಬ್ಬ ಅಲ್ವಾ."

ಜುವೈರಿಯಾ ಮುಖ ಬೇರೆ ಕಡೆ ತಿರುಗಿಸಿದರು; ಹೆಗಲು ಕುಣಿಯುತ್ತಿತ್ತು. ಕಡಿಮೆಯಾದರೆ ಫೇಲ್, ಹೆಚ್ಚಾದರೆ ಏನೆಂದು ತನಗೆ ಯಾರೂ ಹೇಳಿಲ್ಲ, ಒಳಗೆ ಯಾರೂ ಇಲ್ಲವಲ್ಲ, ಅಷ್ಟು ಸಾಕು ಎಂದು ಹೇಳಿ ಹೊರಟರು.

ಸಂಕಪ್ಪಣ್ಣ ಮೇಲಿನ ಜಗಲಿಗೆ ಹೋಗಿ, ಗಂಟಲು ಸರಿಮಾಡಿಕೊಂಡು, ಕಾವೂರಿನ ಕೆರೆಯವರೆಗೆ ಕೇಳುವಂತೆ ಕೂಗಿದರು:

"ಇಪ್ಪತ್ತನೇ ನಂಬ್ರಕ್ಕೆ ಒಂದು ದೀಪೇಶ್, ಪಾರ್ಸೆಲ್. ಜೊತೆಗೆ ಬಜೆ ಕಟ್ಟು."