ದಾರಿ ಕಂಡ ಮರಿ

ಎಡಗಿವಿಯ ತುದಿಯಲ್ಲಿ ತೊಗರಿಕಾಳಿನಷ್ಟು ಬಿಳಿ ಮಚ್ಚೆ. ಉಳಿದ ಮೈಯೆಲ್ಲ ಕೆಮ್ಮಣ್ಣಿನ ಬಣ್ಣ. ಬೇರೆಲ್ಲೂ ಬಿಳುಪಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಜಗಳೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನನ್ನ ಊರು ಹೊನ್ನಾಳಿ. ಜಗಳೂರಿನಲ್ಲಿ ಒಂದು ಮನೆಯ ಮುಂಭಾಗದ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಬೀದಿನಾಯಿಗಳು ಹೆಚ್ಚಾದವೆಂದು ಆಗಾಗ ಯಾರೋ ವಿಷದ ಉಂಡೆಗಳನ್ನು ರಸ್ತೆಬದಿಗೆ ಇಡುತ್ತಿದ್ದ ಕಾಲ. ಹಾಗೆ ಇಟ್ಟ ಒಂದು ಬೆಳಿಗ್ಗೆ ಶಾಲೆಯ ಕಾಂಪೌಂಡಿನ ಹಿಂದೆ ತಾಯಿನಾಯಿಯೂ ಮೂರು ಮರಿಗಳೂ ಕಾಲು ಸೆಟೆದು ಬಿದ್ದಿದ್ದವು. ನಾಲ್ಕನೆಯದು ಒಡೆದ ಸಿಮೆಂಟ್ ಪೈಪಿನೊಳಗೆ ನಿದ್ದೆ ಮಾಡುತ್ತಿತ್ತು. ನಿದ್ದೆಯೇ ಅದನ್ನು ಉಳಿಸಿತ್ತು. ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದೆ.

ಮನೆಯೊಡತಿ ಜಗುಲಿಯಲ್ಲೇ ತಡೆದರು.

“ಇದೇನ್ ಟೀಚರಮ್ಮ, ಡಬ್ಬಿ ಚೀಲದಾಗೆ ಬಾಲ ಅಲ್ಲಾಡ್ತೈತೆ?”

“ನಾಲ್ಕು ದಿನ ಇಟ್ಕೋತೀನಿ ಅವ್ವ. ಯಾರಿಗಾದ್ರೂ ಕೊಟ್ಟುಬಿಡ್ತೀನಿ.”

“ಜಗುಲಿ ದಾಟಿ ಒಳಗೆ ಬರಂಗಿಲ್ಲ. ದಸರಾ ರಜಾಕ್ಕೆ ನೀವು ಊರಿಗೆ ಹೋಗೋದ್ರಾಗೆ ಅದಕ್ಕೊಂದು ಗತಿ ಕಾಣಿಸ್ರಿ. ನಾನಂತೂ ಕಾಯಾಕಿಲ್ಲ.”

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ರಜೆಗೆ ಐದು ವಾರವಿತ್ತು. ಕಾಯುವವರಿಲ್ಲದೆ ಬೀದಿಯಲ್ಲಿ ಬಿಟ್ಟರೆ ಮುಂದಿನ ಉಂಡೆ ಈ ಮರಿಗೇ ಎಂಬುದು ನನಗೂ ಗೊತ್ತಿತ್ತು. ಹೊನ್ನಾಳಿಯ ನಮ್ಮ ಮನೆಯಲ್ಲಿ ಅಪ್ಪನಿಗೆ ಉಬ್ಬಸ, ಅಲ್ಲಿಗೆ ಒಯ್ಯುವಂತಿರಲಿಲ್ಲ.

ಕೇಳಿದವರೆಲ್ಲ ಮೊದಲು ಮಾಡುತ್ತಿದ್ದ ಕೆಲಸ ಒಂದೇ: ಮರಿಯನ್ನು ಮುಂಗಾಲು ಹಿಡಿದು ಎತ್ತಿ ಹೊಟ್ಟೆಯ ಕೆಳಗೆ ನೋಡುವುದು. ಹೆಣ್ಣೆಂದು ತಿಳಿದ ಕೂಡಲೇ ಕೆಳಗಿಳಿಸುತ್ತಿದ್ದರು. ನ್ಯಾಮತಿಯಿಂದ ಬಂದಿದ್ದ ಸಹೋದ್ಯೋಗಿಯೊಬ್ಬರು ತಮ್ಮ ತೋಟಕ್ಕೆ ಬೇಕೆಂದಿದ್ದರು, ಅವರೂ ಇಳಿಸಿದರು. ನಾಲ್ಕು ವಾರ ಹೀಗೆಯೇ ಕಳೆಯಿತು. ಮರಿ ಬೆಳೆಯುತ್ತಿತ್ತು. ಬೆಳೆದಷ್ಟೂ ಕೇಳುವವರು ಕಡಿಮೆಯಾದರು.

ಕೊನೆಗೆ ಸಿಕ್ಕಿದವಳು ಮನೆಯೊಡತಿಗೆ ವಾರಕ್ಕೊಮ್ಮೆ ತುಪ್ಪ ತಂದುಕೊಡುತ್ತಿದ್ದ ಹೆಂಗಸು. ಸೊಕ್ಕೆಯ ಕಡೆ ಹೋಗುವ ದಾರಿಯಲ್ಲಿ, ಕಾಲ್ನಡಿಗೆಗೆ ಎರಡು ಗಂಟೆ ದೂರದಲ್ಲಿ, ಹೊಲದಲ್ಲೇ ಅವಳ ಮನೆ. ಕುರಿ ಸಾಕಿದ್ದಳು.

“ಹೆಣ್ಣಾದ್ರೇನ್ರೀ, ನಾನೂ ಹೆಣ್ಣೇ ಅಲ್ವಾ? ಕುರಿ ಬಿಟ್ಟು ಅಲ್ಲಿ ಇಲ್ಲಿ ಓಡಾಕಿಲ್ಲ ಹೆಣ್ಣುನಾಯಿ. ತಂದು ಕೊಡ್ರಿ,” ಎಂದಳು. ಆಮೇಲೆ ಬೆರಳೆತ್ತಿ ಎಚ್ಚರಿಸಿದಳು: “ಗೋಣಿಚೀಲದಾಗೆ ಹಾಕಿ ಬಾಯಿ ಕಟ್ಟಿ ತರ್ರಿ. ದಾರಿ ಕಾಣಬಾರ್ದು. ಕಂಡ್ರೆ ಹಳೇ ಮನೆಗೆ ತಿರುಗಿ ಬರ್ತೈತೆ.”

ಮನೆಯೊಡತಿಯೇ ಚೀಲ ಹುಡುಕಿ ಕೊಟ್ಟರು. ಊರಿನ ಕೊನೆಯ ಮನೆ ದಾಟಿದ ಮೇಲೆ ಚೀಲವನ್ನು ಮೂರು ಸುತ್ತು ತಿರುಗಿಸಬೇಕೆಂದೂ ಹೇಳಿದರು. ಸುತ್ತಲಿನ ಹಳ್ಳಿಗಳಲ್ಲಿ ಎಲ್ಲರೂ ಮರಿಯನ್ನು ಕೊಡುವುದು ಹಾಗೆಯೇ. ನಾನು ಪ್ರಾಣಿಶಾಸ್ತ್ರ ಓದಿದವಳು. ಇದು ಮೂಢನಂಬಿಕೆ, ಜೊತೆಗೆ ಹಿಂಸೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ ತಲೆಯಾಡಿಸಿದೆ.

ರಜೆಗೆ ಮುಂಚಿನ ಭಾನುವಾರ ಹೊರಟೆ. ಊರ ಹೊರಗೆ ಚೀಲದೊಳಗಿನ ಕುಂಯ್‌ಗುಟ್ಟುವಿಕೆ ತಡೆಯಲಾಗದೆ ಬಾಯಿ ಬಿಚ್ಚಿದೆ. ಮರಿ ಹೊರಗೆ ಬಂದು ಮೈ ಕೊಡವಿ ನನ್ನ ಜೊತೆ ನಡೆಯತೊಡಗಿತು. ಕರೆಂಟು ಕಂಬ, ಮೋರಿ, ಬೇಲಿಯ ಕತ್ತಾಳೆ, ಎಲ್ಲವನ್ನೂ ಮೂಸಿತು. ಅವಸರಪಡಿಸಲಿಲ್ಲ ನಾನು. ಅದು ನಿಂತಲ್ಲೆಲ್ಲ ನಿಂತೆ. ಆ ಎರಡು ಗಂಟೆ ನಾನು ಸಂತೋಷವಾಗಿದ್ದೆ, ಅದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ.

ಹೊಲದ ಮನೆ ಕಾಣಿಸಿದ ಕೂಡಲೇ ಹುಣಸೆಮರದ ಮರೆಯಲ್ಲಿ ನಿಂತು ಮರಿಯನ್ನು ಮತ್ತೆ ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆ.

ಹೆಂಗಸು ನಗುತ್ತ ಎದುರು ಬಂದಳು. “ಬರ್ರಿ ಬರ್ರಿ. ಮಗಳನ್ನ ಗಂಡನ ಮನೆಗೆ ಬಿಡಾಕೆ ಬಂದಂಗೆ ಮುಖ ಮಾಡ್ಕೊಂಡಿದ್ದೀರಲ್ರೀ!” ಚೀಲ ಇಸಿದುಕೊಳ್ಳುತ್ತ ಕೇಳಿದಳು: “ದಾರಿ ಕಂಡಿಲ್ಲ ತಾನೆ? ಕಂಡಿದ್ರೆ ಹೇಳ್ರಿ. ಒಂದು ತಿಂಗಳು ಹಗ್ಗದಾಗೆ ಕಟ್ಟಿ ಹಾಕ್ತೀನಿ. ಇಲ್ಲಾಂದ್ರೆ ನಾಳೆನೇ ಕುರಿ ಜೊತೆ ಬಿಡ್ತೀನಿ.”

ಒಂದು ತಿಂಗಳು ಹಗ್ಗ. ನಾನು ಅದನ್ನು ಕಣ್ಣಮುಂದೆ ಕಂಡೆ. ಮಾತು ಮೀರಿದವಳೆಂದು ಅವಳೆದುರು ಒಪ್ಪಿಕೊಳ್ಳುವ ನಾಚಿಕೆಯೂ ಇತ್ತು. ಎರಡರಲ್ಲಿ ಯಾವುದು ಹೆಚ್ಚಿತ್ತೋ ಇಂದಿಗೂ ಹೇಳಲಾರೆ.

“ಇಲ್ಲ, ಕಂಡಿಲ್ಲ,” ಎಂದೆ.

“ಹಂಗಾದ್ರೆ ಆಯ್ತು. ಕಿವಿ ತುದಿ ಮಾತ್ರ ಇವತ್ತೇ ತೆಗೆದುಬಿಡ್ತೀವಿ. ತೋಳ ಬಂದ್ರೆ ಮೊದ್ಲು ಕಿವಿಗೇ ಬಾಯಿ ಹಾಕ್ತೈತೆ.”

ಅದನ್ನು ನೋಡಲು ನಿಲ್ಲಲಿಲ್ಲ. ಎರಡು ದಿನ ಕಳೆದು ದಾವಣಗೆರೆಯ ಮೇಲೆ ಹೊನ್ನಾಳಿಗೆ ಹೋದೆ. ರಜೆ ಪೂರ್ತಿ, ಅದಕ್ಕೊಂದು ಮನೆಯಾಯಿತೆಂದು ನೆಮ್ಮದಿಯಾಗಿದ್ದೆ.

ಮರಳಿ ಬಂದ ಸಂಜೆ ಬೀಗ ತೆಗೆಯುವಾಗ ಬಾಗಿಲಿನ ಕೆಳಭಾಗದಲ್ಲಿ ಹಸಿರು ಬಣ್ಣ ಕೆರೆದುಹೋಗಿದ್ದು ಕಂಡಿತು. ಒಳಗಿನ ಮರ ಬೆಳ್ಳಗೆ ತೆರೆದುಕೊಂಡಿತ್ತು.

“ನೀವು ಹೋದ ನಾಕನೇ ದಿನ ಒಂದು ನಾಯಿ ಬಂದಿತ್ತು,” ಎಂದರು ಮನೆಯೊಡತಿ. “ಎರಡು ದಿನ ಇಲ್ಲೇ ಬಿದ್ದಿತ್ತು. ಆಯಮ್ಮ ಊರಾಗಿಲ್ಲ, ಹೋಗು ಅಂದೆ. ಅನ್ನ ಹಾಕಿದ್ರೆ ಮೂಸಿ ನೋಡ್ಲಿಲ್ಲ.”

“ನಮ್ಮ ಮರಿನಾ?”

“ಹೆಂಗೆ ಹೇಳ್ಲಿ? ಬಣ್ಣ ಅದೇ. ಕಿವಿ ತುದಿ ಎರಡೂ ಇರ್ಲಿಲ್ಲ, ಗಾಯ ಇನ್ನೂ ಹಸಿ ಇತ್ತು. ಮಚ್ಚೆ ಎಲ್ಲಿ ಹುಡುಕ್ಲಿ ನಾನು?”

“ಆಮೇಲೆ?”

“ಮೂರನೇ ದಿನ ಎದ್ದು ನೋಡಿದ್ರೆ ಇಲ್ಲ. ಆ ವಾರ ಉಂಡೆ ಇಟ್ಟಿದ್ರಂತೆ ಅಂತ ಕೇಳ್ದೆ. ಯಾವ ಬೀದ್ಯಾಗೋ ಗೊತ್ತಿಲ್ಲ.” ಆಮೇಲೆ, “ದಾರಿ ತಿಳಿಯದ ಮರಿ ಅಷ್ಟು ದೂರದಿಂದ ಹೆಂಗೆ ಬಂದೀತು ಬಿಡ್ರಿ. ಯಾವುದೋ ಬೇರೆ ನಾಯಿ ಇರಬೇಕು,” ಎಂದು ನನಗೆ ಸಮಾಧಾನ ಹೇಳಿ ಒಳಗೆ ಹೋದರು.

ಆ ಸಮಾಧಾನ ನನಗೆ ಸಲ್ಲುವಂಥದ್ದಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ. ದೀಪ ಹಚ್ಚಿ ಕುಳಿತೆ. ಬಾಗಿಲಿನ ಆಚೆ ಉಗುರು ಎಳೆದಂತಾಯಿತು. ತೆರೆದೆ. ಜಗುಲಿ ಖಾಲಿ. ಮುಚ್ಚಿದ ಮೇಲೆ ಮತ್ತೆ ಅದೇ. ಮೂರನೆಯ ಸಲ ಬಾಗಿಲನ್ನು ಮುಚ್ಚದೆ ಹಾಗೇ ಬಿಟ್ಟು ಕುಳಿತೆ. ಆಗ ಸದ್ದು ಗೋಡೆಯ ಕಡೆಯಿಂದ ಬರತೊಡಗಿತು. ಆಮೇಲಿನ ವರ್ಷಗಳಲ್ಲಿ ಬೇರೆ ಊರುಗಳ, ಬೇರೆ ಮನೆಗಳ ಬಾಗಿಲುಗಳಲ್ಲೂ ಅದನ್ನು ಕೇಳಿದ್ದೇನೆ. ಯಾರಿಗೂ ಹೇಳಿಲ್ಲ.

ಮರುದಿನ ಬೆಳಿಗ್ಗೆ ಶಾಲೆಗೆ ರಜೆಯ ಚೀಟಿ ಕಳಿಸಿ ಸೊಕ್ಕೆಯ ದಾರಿ ಹಿಡಿದೆ. ಬೀದಿಯಲ್ಲಿ ದನಿ ಎತ್ತಿ ಮಾತಾಡಿದವಳಲ್ಲ ನಾನು. ಅಂದು ಮೋರಿಮೋರಿಗೂ ನಿಂತು, ಎಲ್ಲರೂ ಎಲ್ಲ ನಾಯಿಗಳನ್ನೂ ಕರೆಯುವಂತೆ, “ಕುರೋ, ಕುರೋ” ಎಂದು ಕೂಗಿದೆ. ಕೂಗಲು ಅದಕ್ಕೊಂದು ಹೆಸರನ್ನೂ ನಾನು ಇಟ್ಟಿರಲಿಲ್ಲ. ಎಲ್ಲಿಂದಲೋ ಒಂದು ಕಪ್ಪು ನಾಯಿ ಬಂದು, ಸ್ವಲ್ಪ ದೂರ ಹಿಂಬಾಲಿಸಿ, ನಿಂತುಬಿಟ್ಟಿತು.

ಹೆಂಗಸು ಮನೆಯ ಮುಂದೆ ಶೇಂಗಾ ಬಿಡಿಸುತ್ತ ಕುಳಿತಿದ್ದಳು. ನನ್ನನ್ನು ಕಂಡು ಅರ್ಧ ಎದ್ದಳು.

“ನಿಮ್ಮ ಹತ್ರಾನೇ ಬಂದೈತೇನ್ರೀ? ಎಲ್ಲೆಲ್ಲಿ ಹುಡುಕಿದ್ವಿ! ಸೊಸೆನ ಬೈದುಬಿಟ್ಟೆ, ನೀನೇ ಸರಿಯಾಗಿ ನೋಡ್ಕೊಳ್ಳಿಲ್ಲ ಅಂತ. ಪಾಪ, ಮೂರು ದಿನ ಅತ್ತೈತೆ ಹುಡುಗಿ.”

ಸೊಸೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಅವಳ ಕಡೆ ತಿರುಗಿ ಹೇಳಿದೆ:

“ನಿನ್ನ ತಪ್ಪಲ್ಲಮ್ಮ. ಅದು ದಾರಿ ಕಂಡಿತ್ತು. ನಾನೇ ನಡೆಸ್ಕೊಂಡು ಬಂದಿದ್ದೆ.”