ಕಾಲಿಗೆ ಕಟ್ಟದ ಪಟ್ಟಿ

ದೊಡ್ಡವರು ಚಿಕ್ಕವರ ಕಾಲು ಮುಟ್ಟಬಾರದು, ಮುಟ್ಟಿದರೆ ಚಿಕ್ಕವರ ಆಯಸ್ಸು ಕಡಿಮೆಯಾಗುತ್ತದೆ ಎಂದು ನನಗೆ ಹೇಳಿಕೊಟ್ಟವಳು ನನ್ನ ಅತ್ತೆ. ಕೂಸುಗಳ ಕಾಲು ಬೇರೆ, ಎಣ್ಣೆ ಹಚ್ಚಿ ನೀರು ಹಾಕಬೇಕಲ್ಲ. ನಡೆಯಲು ಕಲಿತ ಮೇಲೆ ಮುಟ್ಟಕೂಡದು. ನನ್ನ ಮಗನಿಗೆ ಮುಳ್ಳು ಚುಚ್ಚಿದರೂ ಪಕ್ಕದ ಮನೆ ಹುಡುಗಿಯನ್ನು ಕರೆದು ತೆಗೆಸುತ್ತಿದ್ದೆ. ಸರಿಯೋ ತಪ್ಪೋ ನಾನು ಯೋಚಿಸಿದವಳಲ್ಲ. ಆ ಶಾಸ್ತ್ರದಿಂದ ಹೋದ ವರ್ಷ ಆಷಾಢದಲ್ಲಿ ಏನಾಯಿತು ಎಂದು ಬರೆಯುತ್ತೇನೆ. ಮನೆಯಲ್ಲಿ ಈಗ ಯಾರೂ ಆ ಮಾತು ಎತ್ತುವುದಿಲ್ಲ.

ನಾವು ಕಬಿನಿ ಹಿನ್ನೀರಿನ ದಡದವರು, ಹರಿಗೋಲು ಹಾಕಿ ಮೀನು ಹಿಡಿಯುವವರು. ಅಣೆಕಟ್ಟು ಕಟ್ಟಿದಾಗ ನಾನು ಹತ್ತು ಹನ್ನೆರಡರ ಹುಡುಗಿ. ಹಳೇ ಊರು ನೀರಿನಡಿ ಹೋಯಿತು. ಎತ್ತರಕ್ಕೆ ಬಂದು ಮನೆ ಹಾಕಿಕೊಂಡೆವು. ಈಜು ನನಗೆ ಯಾರೂ ಕಲಿಸಿದ್ದಲ್ಲ, ನಡೆದಷ್ಟೇ ಸಲೀಸು. ಮಗನ ಮಗಳು ಹುಣಸೂರಿನ ಕಾಲೇಜಿಗೆ ಹೋದವಳು ಅಲ್ಲಿ ಸೈಕಲ್ಲಿನ ಹುಚ್ಚು ಹತ್ತಿಸಿಕೊಂಡಳು. ಎತ್ತಿದರೆ ಕೊಡೆಯಷ್ಟೂ ಭಾರವಿಲ್ಲದ ಸೈಕಲ್ಲು. ಸೊಸೆ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಮಗಳ ಮಾತು ಕಟ್ಟಿಕೊಂಡು ಅವಳೂ ಬೆಳಗಾಗೆದ್ದು ಓಡಲು ಶುರುಮಾಡಿದಳು. ಊರು ನಕ್ಕಿತು. ನಗಲಿ.

ನಮ್ಮ ದಡದಲ್ಲೇ ಪಂದ್ಯ ಇಟ್ಟರು. ಟ್ರಯಾಥ್ಲಾನ್, ಅದರಲ್ಲೂ ಅರ್ಧ ದೂರದ್ದು ಅಂದರು. ಎರಡು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ ಈಜಬೇಕು, ಸರಗೂರಿನ ಕಡೆ ಏರು ಇಳಿಜಾರಿನ ರಸ್ತೆಯಲ್ಲಿ ತೊಂಬತ್ತು ಕಿಲೋಮೀಟರು ಸೈಕಲ್ಲು, ಆಮೇಲೆ ಇಪ್ಪತ್ತೊಂದು ಓಡಬೇಕು. ಇದು ಅರ್ಧವಾದರೆ ಪೂರ್ತಿ ಮಾಡುವವರಿಗೆ ಮನೆಯಲ್ಲಿ ಕೆಲಸವಿಲ್ಲವೇ ಎಂದು ಕೇಳಿದೆ. ಒಬ್ಬರೇ ಮೂರನ್ನೂ ಮಾಡಬಹುದು, ಮೂರು ಜನ ಹಂಚಿಕೊಂಡೂ ಮಾಡಬಹುದು. ಮೊಮ್ಮಗಳು ನಮ್ಮ ಮೂವರ ಹೆಸರು ಕೊಟ್ಟು ಬಂದಳು. ಈಜು ನನ್ನದು, ಸೈಕಲ್ಲು ಅವಳದು, ಓಟ ಅವಳ ಅವ್ವನದು.

ಅದಕ್ಕೊಂದು ಪಟ್ಟಿ. ಕಾಲಿನ ಹರಡಿಗೆ ಸುತ್ತಿ ಒತ್ತಿದರೆ ಅಂಟಿಕೊಳ್ಳುತ್ತದೆ. ಒಳಗೆ ಬಟನ್ನಿನಷ್ಟು ಒಂದು ಯಂತ್ರ. ನೆಲಕ್ಕೆ ಅಡ್ಡ ಹಾಸಿದ ಚಾಪೆಯನ್ನು ಆ ಪಟ್ಟಿ ದಾಟಿದರೆ ಕಂಪ್ಯೂಟರಿಗೆ ಗೊತ್ತಾಗುತ್ತದೆ. ಈಜಿದವರು ಬಿಚ್ಚಿ ಸೈಕಲ್ಲಿನವರಿಗೆ ಕಟ್ಟಬೇಕು, ಅವರು ಓಡುವವರಿಗೆ.

"ನೀ ನೀರಿಂದ ಎದ್ದು ಬಂದು ನನ್ ಕಾಲಿಗೆ ಕಟ್ಬುಡು ಅಜ್ಜಿ, ಅಷ್ಟೇಯ," ಅಂದಳು.

"ನಾ ಮುಟ್ಟಕಿಲ್ಲ ಕಣಮ್ಮಿ. ನೆಲಕ್ಕೆ ಇಡ್ತೀನಿ, ಎತ್ಕಂಡು ಕಟ್ಕೊ."

"ಅದ್ಕೂ ಶಾಸ್ತ್ರನಾ? ನನ್ ಆಯಸ್ಸೇನು ಮೊಬೈಲ್ ಬ್ಯಾಟ್ರಿನಾ, ಮುಟ್ಟಿದ್ರೆ ಇಳಿಯಕೆ?"

ಒಳಗಿನಿಂದ ಸೊಸೆ, "ಬುಡಮ್ಮಿ, ನನ್ ಕಾಲುಂಗ್ರ ಬಿದ್ದೋದ್ರೆ ನಿಮ್ಮಜ್ಜಿ ಕೋಲಲ್ಲಿ ತಳ್ಳಿ ಕೊಡ್ತಾರೆ," ಅಂದಳು. ಮೂವರೂ ನಕ್ಕೆವು. ನೆಲಕ್ಕೆ ಇಡುವುದು, ಅವಳೇ ಕಟ್ಟಿಕೊಳ್ಳುವುದು ಎಂದು ಮಾತಾಯಿತು.

ಪಂದ್ಯದ ದಿನ ಬೆಳಕು ಹರಿಯುವ ಮೊದಲೇ ಗಾಳಿ ಎದ್ದಿತ್ತು. ಆಷಾಢದಲ್ಲಿ ಕೇರಳದ ಕಡೆಯಿಂದ ಬರುವ ಗಾಳಿಗೆ ನಾವು ಹರಿಗೋಲು ಇಳಿಸುವುದಿಲ್ಲ, ಬೋರಲು ಹಾಕಿ ಮೇಲೆ ಕಲ್ಲು ಹೇರುತ್ತೇವೆ. ನೀರಿನ ಮೇಲೆ ಗುರುತಿಗೆ ಬಿಟ್ಟಿದ್ದ ಕೆಂಪು ಬುರುಡೆಗಳು ಹಗ್ಗ ಜಗ್ಗುತ್ತಿದ್ದವು. ಹಕ್ಕಿ ಒಂದೂ ಇರಲಿಲ್ಲ. ಇವತ್ತು ಬೇಡ ಎಂದು ಪಂದ್ಯ ನಡೆಸುವವನೊಬ್ಬನಿಗೆ ಹೇಳಿದೆ. "ಗಾಳಿ ಇದ್ರೇನೇ ಅಜ್ಜಿ ಪಂದ್ಯಕ್ಕೆ ಮಜಾ," ಅಂದ. ಪೇಟೆಯಿಂದ ಬಂದವರಿಗೆ ಗಾಳಿ ಎಂದರೆ ಸೆಕೆ ಕಳೆಯುವ ವಸ್ತು.

ಸೀರೆ ಬಿಟ್ಟು ಮೊಮ್ಮಗಳ ಬಿಗಿ ಪ್ಯಾಂಟು ತೊಟ್ಟು ಇಳಿದೆ. ಅಲೆ ಬಾಯಿಗೇ ಬಡಿಯುತ್ತಿತ್ತು. ಉಸಿರು ಎಳೆದರೆ ಅರ್ಧ ನೀರು. ನನ್ನ ಮುಂದಿದ್ದ ಬಿಳಿ ಟೋಪಿಯವನೊಬ್ಬ ಹಿಂದಕ್ಕೆ ತಿರುಗಿ ಕೈ ಎತ್ತಿದ, ದೋಣಿಯವರು ಎಳೆದುಕೊಂಡರು. ನಡುವಿನಲ್ಲಿ ನನ್ನ ಮೊಣಕಾಲಿಗೆ ಏನೋ ತಗುಲಿತು. ಹಳೇ ಊರಿನ ಹುಣಸೆ ಮರದ ಬೊಡ್ಡೆ, ನನಗೆ ಗೊತ್ತು, ಅದರ ಕೆಳಗೇ ನಮ್ಮ ಮನೆ ಇದ್ದದ್ದು. ಇಷ್ಟು ವರ್ಷ ಅದರ ಮೇಲೆ ಬಲೆ ಬೀಸಿದ್ದೇನೆ, ಮೈಗೆ ತಗುಲಿದ್ದು ಅವತ್ತೇ. ಒಳ್ಳೆಯದಲ್ಲ ಅನಿಸಿತು. ಕೈ ಬೀಸಿದೆ. ಕೊನೆಯ ಐದಾರು ಜನರಲ್ಲಿ ದಡ ಸೇರಿದೆ.

ಸೈಕಲ್ಲು ನಿಲ್ಲಿಸಿದ್ದ ಕಡೆ ಹೋದರೆ ಗಾಳಿಗೆ ಕಂಬಿಯೇ ಮಗುಚಿ ಸೈಕಲ್ಲುಗಳೆಲ್ಲ ಒಂದರ ಮೇಲೊಂದು ಬಿದ್ದಿವೆ. ಮೊಮ್ಮಗಳದು ಚೈನು ಕಳಚಿತ್ತು. ಹಾಕುವಷ್ಟರಲ್ಲಿ ಅವಳ ಎರಡು ಕೈಯೂ ಕರಿ ಗ್ರೀಸು. ನಾನು ಪಟ್ಟಿ ಬಿಚ್ಚಿ ನೆಲಕ್ಕೆ ಇಟ್ಟೆ. ಅವಳು ಆಗಲೇ ಸೈಕಲ್ಲಿನ ಮೇಲೆ ಕಾಲು ಹಾಕಿ ನಿಂತಿದ್ದಳು, ಬಿಟ್ಟರೆ ಗಾಳಿಗೆ ಮತ್ತೆ ಬೀಳುತ್ತದೆ.

"ಕೈ ಬುಡಕೆ ಆಗಕಿಲ್ಲ ಅಜ್ಜಿ, ನೀನೇ ಕಟ್ಟು! ಎಲ್ರೂ ಓದ್ರು!"

ಬಗ್ಗಿದೆ. ಪಟ್ಟಿ ಕೈಯಲ್ಲಿದೆ, ಅವಳ ಕಾಲು ಗೇಣು ದೂರದಲ್ಲಿದೆ. ಕೈ ಮುಂದೆ ಹೋಗಲಿಲ್ಲ. ಹುಣಸೆ ಬೊಡ್ಡೆ ತಗುಲಿದ್ದು ನೆನಪಾಯಿತು, ಅತ್ತೆಯ ಮಾತು ನೆನಪಾಯಿತು, ಆ ಗಾಳಿಯಲ್ಲಿ ಅವಳ ಆಯಸ್ಸಿಗೆ ನಾನೇ ಕೈ ಹಾಕುವುದೇ ಅನಿಸಿತು. ಸೀಟಿನ ಕೆಳಗಿನ ಕೊಳವೆಗೆ ಪಟ್ಟಿ ಸುತ್ತಿ ಒತ್ತಿದೆ. ಒದ್ದೆ, ಮರಳು ಹಿಡಿದಿತ್ತು. ಸರಿಯಾಗಿ ಅಂಟಲಿಲ್ಲ.

"ಕಟ್ಟಿದ್ಯಾ?"

"ಊ ಕಣಮ್ಮಿ, ಓಗು."

ಎಲ್ಲಿಗೆ ಕಟ್ಟಿದೆ ಎಂದು ಹೇಳಲಿಲ್ಲ. ಅವಳು ದಪ್ಪ ಕಾಲುಚೀಲ ಹಾಕಿದ್ದಳು. ಗೊತ್ತಾಗಲಿಲ್ಲವೋ, ನನ್ನ ಮಾತು ನಂಬಿದಳೋ. ಹೋದಳು.

ಸೀರೆ ಸುತ್ತಿಕೊಂಡು ಸೊಸೆಯ ಪಕ್ಕ ಕೂತೆ. ಸ್ವಲ್ಪ ಹೊತ್ತಿಗೆ ಪಂದ್ಯದ ಕೆಲಸದ ಹೆಂಗಸೊಬ್ಬಳು ಬಂದು, "ಅಜ್ಜಿ, ಇದು ನಿಮ್ಮ ಟೀಮಿಂದಂತೆ, ಸೈಕಲ್ ಹೊರಡೋ ಗೇಟಿನ ಒಳಗಡೆ ಬಿದ್ದಿತ್ತು," ಎಂದು ಪಟ್ಟಿಯನ್ನು ನನ್ನ ಮಡಿಲಿಗೆ ಹಾಕಿ ಹೋದಳು. ಸೊಸೆ ನೀರು ತರಲು ಹೋಗಿದ್ದಳು. ಪಟ್ಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಚಾಪೆ ಇದ್ದದ್ದು ಗೇಟಿನ ಹೊರಗಡೆ. ಅಂದರೆ ಅವಳು ಹೋದದ್ದನ್ನು ಯಂತ್ರ ನೋಡಿಲ್ಲ. ಹೆಚ್ಚೆಂದರೆ ಲೆಕ್ಕಕ್ಕೆ ಹಿಡಿಯುವುದಿಲ್ಲ, ಬಂದ ಮೇಲೆ ಬೈಸಿಕೊಂಡರಾಯಿತು ಅಂದುಕೊಂಡೆ. ಬಾಯಿ ಬಿಡಲಿಲ್ಲ. ಬರೆಯಲು ನಾಚಿಕೆಯಾಗುವುದು ಇದೇ. ಕಟ್ಟದೆ ಇದ್ದದ್ದಕ್ಕಾದರೂ ಶಾಸ್ತ್ರದ ನೆಪವಿದೆ. ಬಚ್ಚಿಟ್ಟದ್ದಕ್ಕೆ ಏನಿದೆ?

ಹನ್ನೊಂದರ ಹೊತ್ತಿಗೆ ಸೈಕಲ್ಲುಗಳು ವಾಪಸು ಬರತೊಡಗಿದವು. ಬಂದವರ ಮುಖ ನೋಡುವಂತಿರಲಿಲ್ಲ. ಒಬ್ಬನ ಮೊಣಕೈ ಸುಲಿದು ರಕ್ತ ಇಳಿಯುತ್ತಿತ್ತು. "ಆ ಮೋರಿ ಹತ್ರ ಇಳಿಯುವಾಗ ಗಾಳಿ ಪಕ್ಕದಿಂದ ಬಂದು ಒದೆಯುತ್ತೆ," ಎಂದು ಇನ್ನೊಬ್ಬನಿಗೆ ಹೇಳುತ್ತಿದ್ದ. ಸೊಸೆ ಬೂಟು ಹಾಕಿಕೊಂಡು ಗೆರೆಯ ಹತ್ತಿರ ನಿಂತಳು. ಹನ್ನೆರಡಾಯಿತು. ಶಾಮಿಯಾನ ಹರಿದು ಪಟಪಟ ಬಡಿದುಕೊಳ್ಳುತ್ತಿತ್ತು. ಹನ್ನೆರಡೂವರೆ. ಪಕ್ಕದಲ್ಲಿ ನಿಂತಿದ್ದವರು ಒಬ್ಬೊಬ್ಬರೇ ಓಡಲು ಹೋದರು, ಕೊನೆಗೆ ಇವಳೊಬ್ಬಳೇ ಉಳಿದಳು. ಒಂದು ಗಂಟೆಗೆ ಕೊನೆಯ ಗಾಡಿ ಬಂತು. ಎಲ್ಲರ ಹಿಂದೆ ಬರುವ ಗಾಡಿ ಅದು, ಅದು ಬಂದರೆ ರಸ್ತೆಯಲ್ಲಿ ಯಾರೂ ಉಳಿದಿಲ್ಲ ಎಂದು ಅರ್ಥ. ಅದರಿಂದ ಡ್ರೈವರ್ ಒಬ್ಬನೇ ಇಳಿದ.

ಸೊಸೆ ಕಂಪ್ಯೂಟರಿನ ಮುಂದೆ ಕೂತವನ ಹತ್ತಿರ ಓಡಿದಳು. ನಾನು ಹಿಂದೆ ಹೋದೆ.

"ನನ್ ಮಗಳು ಬಂದಿಲ್ಲ ಸಾರ್."

ಅವನು ನಂಬರು ಒತ್ತಿ ನೋಡಿದ. "ನಿಮ್ಮದು ಸೈಕಲ್ ಶುರುವೇ ಆಗಿಲ್ಲಮ್ಮ. ಈಜು ಮುಗಿದಿದೆ, ಅಷ್ಟೇ. ಇಲ್ಲೇ ಎಲ್ಲೋ ಇರ್ತಾರೆ, ನೋಡಿ."

"ಓಗಿದಾಳೆ ಸಾರ್, ನನ್ ಕಣ್ಮುಂದೇನೇ ಓದ್ಳು!"

"ರಸ್ತೆ ಖಾಲಿ ಇದೆಯಮ್ಮ. ಎಲ್ಲ ಲೆಕ್ಕ ಸರಿ ಇದೆ."

ಆಗ ಸೊಂಟದಿಂದ ಪಟ್ಟಿ ತೆಗೆದು ಮೇಜಿನ ಮೇಲೆ ಇಟ್ಟೆ.

ಸೊಸೆ ಪಟ್ಟಿ ನೋಡಿದಳು, ನನ್ನ ಮುಖ ನೋಡಿದಳು. ಮದುವೆಯಾಗಿ ಬಂದ ಮೇಲೆ ಒಂದು ದಿನವೂ ನನಗೆ ಎದುರು ಮಾತಾಡಿದವಳಲ್ಲ.

"ಯಾವಾಗಿಂದ ಐತೆ ಇದು ನಿಮ್ಮತ್ರ?"

ಹೇಳಿದೆ. ಕಾಲು ಮುಟ್ಟಲಿಲ್ಲ ಎಂಬುದನ್ನೂ ಹೇಳಿದೆ.

"ನಿಮ್ ಶಾಸ್ತ್ರಕ್ಕೆ ಬೆಂಕಿ ಆಕ," ಅಂದಳು. ಕಿರುಚಲಿಲ್ಲ, ಮೆಲ್ಲಗೇ ಅಂದಳು.

ಮೇಜಿನವನು ಫೋನಿನ ಮೇಲೆ ಫೋನು ಮಾಡುತ್ತಿದ್ದ. ಕಾಯಲಿಲ್ಲ. ಮಗ ಅವತ್ತು ಮೀನು ಹಾಕಲು ಮೈಸೂರಿಗೆ ಹೋಗಿದ್ದ. ನಮ್ಮೂರಿನವನ ಲಗೇಜ್ ಆಟೊ ಅಲ್ಲೇ ನಿಂತಿತ್ತು, ಹತ್ತಿದೆವು. ಮೊಮ್ಮಗಳ ಫೋನು ಸೊಸೆಯ ಚೀಲದಲ್ಲೇ ಇತ್ತು, ಪಂದ್ಯದಲ್ಲಿ ಒಯ್ಯುವ ಹಾಗಿಲ್ಲವಂತೆ. ದಾರಿಯಲ್ಲಿ ನೀರು ಕೊಡುವ ಮೇಜುಗಳನ್ನು ಆಗಲೇ ಮಡಚಿಬಿಟ್ಟಿದ್ದರು. ಖಾಲಿ ಲೋಟಗಳು ರಸ್ತೆಯಲ್ಲಿ ಉರುಳುತ್ತಾ ನಮ್ಮ ಎದುರಿಗೆ ಬರುತ್ತಿದ್ದವು. ಚಾಪೆ ಇದೆಯೆಂದು ಬಂದವರ ನಂಬರನ್ನು ಯಾರೂ ಬರೆದುಕೊಂಡಿರಲಿಲ್ಲ. ಕೊನೆಯ ಗಾಡಿ ಯಂತ್ರ ಹೇಳಿದ ಕೊನೆಯವನ ಬಾಲ ಹಿಡಿದು ಬಂದುಬಿಟ್ಟಿತ್ತು. ಅವಳು ಅವನಿಗಿಂತಲೂ ಹಿಂದೆ ಇದ್ದಳು.

ಸೊಸೆ ಎಡಕ್ಕೆ ನೋಡುತ್ತಿದ್ದಳು, ನಾನು ಬಲಕ್ಕೆ. ಒಂದು ಇಳಿಜಾರಿನ ಕೊನೆಗೆ ಮೋರಿ ಇದೆ, ಎರಡು ಕಡೆಯೂ ದಿಣ್ಣೆ, ನಡುವೆ ಗಾಳಿ ನುಗ್ಗಲು ಬಾಗಿಲು ತೆರೆದಿಟ್ಟ ಹಾಗೆ ಜಾಗ. ಆಟೊವೇ ಅಲ್ಲಾಡಿತು. ರಸ್ತೆಯ ಅಂಚಿನಲ್ಲಿ ನೀರಿನ ಬಾಟಲಿ ಬಿದ್ದಿತ್ತು. "ನಿಲ್ಸ್ಲಾ!" ಅಂದೆ. ಮೋರಿಯ ಕೆಳಗೆ ಲಂಟಾನ ಪೊದೆ. ಅದರೊಳಗಿಂದ ಟಿಕಟಿಕ ಟಿಕಟಿಕ ಎಂದು ಸದ್ದು. ಸೈಕಲ್ಲಿನ ಹಿಂದಿನ ಚಕ್ರ ಗಾಳಿಗೆ ತಿರುಗುತ್ತಿತ್ತು.

ಅವಳು ಸೈಕಲ್ಲಿನ ಅಡಿಯಲ್ಲಿದ್ದಳು. ಕಣ್ಣು ಬಿಟ್ಟಿದ್ದಳು. ತುಟಿ ಒಣಗಿ ಬಿರಿದಿತ್ತು. ಆ ಸೈಕಲ್ಲಿನ ಬೂಟು ಪೆಡಲಿಗೆ ಕಚ್ಚಿಕೊಳ್ಳುತ್ತದೆ, ಪಾದ ಹೊರಳಿಸಿದರೆ ಮಾತ್ರ ಬಿಡುತ್ತದೆ. ಹರಡು ಮುರಿದಿತ್ತು, ಹೊರಳಿಸಲು ಅವಳಿಗೆ ಆಗಿರಲಿಲ್ಲ, ಬೂಟಿಗೆ ಕೈಯೂ ಎಟುಕಿರಲಿಲ್ಲ. ಎರಡು ಗಂಟೆಗೂ ಮೇಲೆ ಹಾಗೇ ಬಿದ್ದಿದ್ದಾಳೆ. ಮೇಲೆ ಗಾಡಿಗಳು ಹೋಗಿವೆ. ಕೂಗಿದ್ದಾಳೆ, ಗಾಳಿ ಕೂಗನ್ನು ಮೇಲೆ ಹತ್ತಲು ಬಿಟ್ಟಿಲ್ಲ.

ಸೊಸೆ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆಟೊದವನು ಸೈಕಲ್ಲು ಎತ್ತಿ ಹಿಡಿದ. ಉಳಿದವಳು ನಾನೊಬ್ಬಳೇ.

"ಅವಳ ಕಾಲ್ನ ಇಡ್ಕಳಿ ಅತ್ತೆ," ಅಂದಳು ಸೊಸೆ.

ಅಲ್ಲೂ ಒಂದು ಗಳಿಗೆ ನಿಂತೆ. ಸುಳ್ಳು ಬರೆದು ಏನೂ ಪ್ರಯೋಜನವಿಲ್ಲ. ಆಮೇಲೆ ಕೂತು ಅವಳ ಪಾದವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬೂಟಿನ ಪಟ್ಟಿ ಬಿಚ್ಚಿ, ಒಳಗಿನಿಂದ ಕಾಲು ಎಳೆದೆ. ಅವಳು ಕಿರುಚಿದ್ದು ಈಗಲೂ ಕೇಳುತ್ತದೆ. ಪಾದ ತಣ್ಣಗಿತ್ತು. ನೀರಿನಲ್ಲಿ ಬಹಳ ಹೊತ್ತು ಇದ್ದವರದು ಹಾಗಿರುತ್ತದೆ.

ಆಟೊದಲ್ಲಿ ಅವಳು ಕೇಳಿದ್ದು ಒಂದೇ. "ಯಾಕೆ ಯಾರೂ ಬರ್ನಿಲ್ಲ ಅಜ್ಜಿ?"

ಸೊಸೆ ನನ್ನ ಕಡೆ ನೋಡಿದಳು. ನಾನೇ ಹೇಳಲಿ ಎಂದು ಬಿಟ್ಟಳು. ಹೇಳಿದೆ. ಮೊಮ್ಮಗಳು ಕೇಳಿಸಿಕೊಂಡು ಕಣ್ಣು ಮುಚ್ಚಿದಳು. ಮೈಸೂರು ಬರುವ ತನಕ ತೆರೆಯಲಿಲ್ಲ.

ಆಸ್ಪತ್ರೆಯಲ್ಲಿ ಹರಡಿಗೆ ಕಂಬಿ ಹಾಕಿದರು. ಪಂದ್ಯದವರು ಎರಡು ದಿನ ಬಿಟ್ಟು ಫೋನು ಮಾಡಿ, ಹೇಗಿದ್ದಾರೆ ಎಂದು ಕೇಳಿ, ಆ ಪಟ್ಟಿ ನಿಮ್ಮಲ್ಲೇ ಉಳಿದಿದ್ದರೆ ವಾಪಸು ಕೊಡಿ ಎಂದರು. ಮೇಜಿನ ಮೇಲೇ ಇಟ್ಟು ಬಂದಿದ್ದೆ. ಹಾಗೇ ಹೇಳಿದೆ.

ಈಗ ಮತ್ತೆ ಆಷಾಢ. ಹರಿಗೋಲಿನ ಮೇಲೆ ಕಲ್ಲು ಹೇರಿ ನಾಲ್ಕು ದಿನವಾಯಿತು. ಮೊಮ್ಮಗಳು ಕುಂಟುವುದು ಹೊಸಬರಿಗೆ ಗೊತ್ತಾಗುವುದಿಲ್ಲ, ನನಗೆ ಗೊತ್ತಾಗುತ್ತದೆ. ಮತ್ತೆ ಮೂವರ ಹೆಸರು ಕೊಟ್ಟು ಬಂದಿದ್ದಾಳೆ. ಬೇಡ ಎಂದು ಹೇಳುವ ಹಕ್ಕು ನನಗಿಲ್ಲ. ನಿನ್ನೆ ಜಗುಲಿಯ ಮೇಲೆ ಕೂತು ಹರಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಕಂಬಿ ಹಾಕಿದ ಕಡೆ ಚರ್ಮ ಇನ್ನೂ ನೀಲಿ. ಹತ್ತಿರ ಹೋಗಿ ಕೂತೆ.

"ಈ ಸಲ ಕಾಲು ಚಾಚು, ನಾನೇ ಕಟ್ತೀನಿ," ಅಂದೆ.

ಅವಳು ಕಾಲನ್ನು ಮೆಲ್ಲಗೆ ಲಂಗದೊಳಕ್ಕೆ ಎಳೆದುಕೊಂಡಳು.

"ಬ್ಯಾಡ ಬುಡಜ್ಜಿ. ನೆಲಕ್ಕೆ ಇಡು, ನಾನೇ ನೋಡಿ ಕಟ್ಕತೀನಿ."