ಅಪ್ಪನ ಹೆಸರಿನ ಮುಂದೆ ‘ಲೇಟ್’

ಅಮ್ಮಾ, ಅಪ್ಪ ಬದುಕಿರುವಾಗಲೇ ಅವರ ಹೆಸರಿನ ಮುಂದೆ ‘ಲೇಟ್’ ಎಂದು ಬರೆದವಳು ನಾನು. ರಂಗಣ್ಣ ಮಾವ ಅಲ್ಲ. ಹದಿನೆಂಟು ವರ್ಷದಿಂದ ನೀನು ನಿನ್ನ ಅಣ್ಣನ ಮುಖ ನೋಡಿಲ್ಲ, ಎಲ್ಲ ಅವರದೇ ತಪ್ಪೆಂದು ನಂಬಿದ್ದೀಯ — ನಂಬಲಿ ಎಂದು ನಾನೂ ಸುಮ್ಮನಿದ್ದೆ.

ಅಪ್ಪ ನಮ್ಮನ್ನು ಬಿಟ್ಟು ಮಾಕಳಿಯಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿ ಆಗ ನಾಲ್ಕು ವರ್ಷವಾಗಿತ್ತು. ‘ಹುಡುಗಿಯ ತಂದೆ ಎಲ್ಲಿ?’ ಎಂಬ ಪ್ರಶ್ನೆಗೇ ನನ್ನ ಎರಡು ಸಂಬಂಧ ಮುರಿದುಬಿದ್ದಿದ್ದವು. ಮೂರನೆಯ ಸಲ ಆರ್.ಟಿ. ನಗರದ ವಧೂವರರ ಕೇಂದ್ರದಲ್ಲಿ ಕೂತು ಅರ್ಜಿ ತುಂಬುತ್ತಿದ್ದೆ. ತಂದೆಯ ಹೆಸರು, ಕೆಳಗೆ ಉದ್ಯೋಗ, ವಿಳಾಸ. ‘ತೀರಿಕೊಂಡಿದ್ದಾರೆ’ ಎಂದು ಬರೆಯಲು ದೇವರಾಣೆಗೂ ನನ್ನಿಂದ ಆಗುತ್ತಿರಲಿಲ್ಲ. ‘ದಿವಂಗತ’ ಎನ್ನಲೂ ಕೈ ಏಳಲಿಲ್ಲ. ಆದರೆ ‘ಲೇಟ್’ — ಅರ್ಜಿಗಳಲ್ಲಿ, ಲಗ್ನಪತ್ರಿಕೆಗಳಲ್ಲಿ, ಗೇಟಿನ ಕಲ್ಲುಗಳ ಮೇಲೆ ದಿನಾ ಕಾಣುವ ಇಂಗ್ಲಿಷಿನ ಚಿಕ್ಕ ಪದ. ಅದರಲ್ಲಿ ಹೆಣವಿಲ್ಲ, ಅಳುವವರಿಲ್ಲ, ತಿಥಿಯಿಲ್ಲ ಅಂದುಕೊಂಡೆ. ಬರೆದೆ. ಉದ್ಯೋಗಕ್ಕೂ ವಿಳಾಸಕ್ಕೂ ಒಂದೊಂದು ಗೀಟು ಎಳೆದೆ.

ಗಂಡಿನವರು ಕೊಡಿಗೇಹಳ್ಳಿಯ ನಮ್ಮ ಮನೆಗೆ ಬಂದ ದಿನ ನೀನು ಒಳಗೆ ತಟ್ಟೆಗಳಿಗೆ ಕೇಸರಿಬಾತು ಹಾಕುತ್ತಿದ್ದೆ. ಅವರ ಹಿರಿಯರೊಬ್ಬರು ಅರ್ಜಿ ನೋಡುತ್ತಾ ಮಾವನನ್ನು ಕೇಳಿದರು, “ಯಜಮಾನ್ರು ತೀರ್ಕೊಂಡು ಎಷ್ಟು ವರ್ಷ ಆಯ್ತು?” ಮಾವನಿಗೆ ಏನೂ ಗೊತ್ತಿರಲಿಲ್ಲ. ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಅಷ್ಟರಲ್ಲೇ ಅವರಿಗೆ ಎಲ್ಲ ತಿಳಿದಿರಬೇಕು.

“ನಾಲ್ಕು ವರ್ಷ ಆಯ್ತು ಸ್ವಾಮಿ” ಎಂದರು.

ನಿನಗೆ ಕೇಳಿಸಿದ್ದು ಮಾವನ ಆ ಮಾತು ಮಾತ್ರ. ನೀನು ತಟ್ಟೆ ಹಿಡಿದು ಹೊರಗೆ ಬಂದಾಗ ಹಣೆ ಬರಿದಾಗಿತ್ತು, ಸೆರಗಿನ ಅಂಚು ಕೆಂಪಾಗಿತ್ತು. ಆ ಪದಕ್ಕೆ ಹೆಣ ಬೇಕಿರಲಿಲ್ಲ, ಆದರೆ ಒಬ್ಬ ವಿಧವೆ ಬೇಕಿತ್ತು — ಬರೆಯುವಾಗ ನಾನು ಅದನ್ನು ಯೋಚಿಸಲೇ ಇಲ್ಲ. ಯೋಚಿಸಿದ್ದರೂ ಬರೆಯುತ್ತಿದ್ದೆನೇನೋ. ನನಗೆ ಅಷ್ಟು ಮದುವೆಯಾಗಬೇಕಿತ್ತು.

ಮಾವ, ಅತ್ತೆ ಧಾರೆ ಎರೆದರು. ನೀನು ಛತ್ರದ ಉಗ್ರಾಣದಲ್ಲಿ ತೆಂಗಿನಕಾಯಿ ಚೀಲಗಳ ನಡುವೆ ಕೂತಿದ್ದೆ. ನನ್ನನ್ನು ಕಳಿಸಿಕೊಡುವಾಗ, ಯಾರೂ ಹತ್ತಿರ ಇಲ್ಲದ್ದು ನೋಡಿ, ನೀನು ಮೆಲ್ಲಗೆ ಮಾವನಿಗೆ ಹೇಳಿದೆ: “ಗಂಡ ಬದುಕಿರೋವಾಗ್ಲೇ ನನ್ ಕುಂಕುಮ ಅಳಿಸ್ದೆ ಅಣ್ಣ. ಇನ್ಮೇಲೆ ನನಗೆ ನೀನೂ ಇಲ್ಲ.” ಕಾರಿನಲ್ಲಿ ಆಗ ಒಬ್ಬಳೇ ಕೂತಿದ್ದ ನನಗೆ ಎಲ್ಲ ಕೇಳಿಸಿತು. ಮಾವ ನನ್ನ ಕಡೆ ಕಣ್ಣೆತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಆ ಕಾರು ಹೊರಡುತ್ತಿರಲಿಲ್ಲ.

ಈಗ ಕೆಂಪಾಪುರದ ನಮ್ಮ ಮನೆಯಲ್ಲೇ ಇದ್ದೀಯ. ನನ್ನ ಗಂಡ ಇವತ್ತಿಗೂ ನಿನ್ನನ್ನು ಗಂಡ ಸತ್ತವಳೆಂದೇ ತಿಳಿದಿದ್ದಾರೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ನಾನೇ ಓಡಿ ಹೋಗಿ ಎತ್ತುತ್ತೇನೆ. ಮಾಕಳಿಯಿಂದ ನಿಜವಾಗಿಯೂ ಸುದ್ದಿ ಬಂದುಬಿಟ್ಟರೆ? ನಿನಗೆ ಹೇಗೆ ಹೇಳಲಿ, ಅಳಬೇಡ ಎನ್ನಲೇ? ಸತ್ತನೆಂಬ ಸುಳ್ಳು ಸುದ್ದಿ ಹಬ್ಬಿದರೆ ಆಯುಸ್ಸು ಗಟ್ಟಿ ಎನ್ನುತ್ತಾರೆ. ಇರಬಹುದು. ಹೋದ ತಿಂಗಳು ಯಶವಂತಪುರದ ಮಾರುಕಟ್ಟೆಯಲ್ಲಿ ಅಪ್ಪ ಈರುಳ್ಳಿ ಆರಿಸುತ್ತಿದ್ದರು. ನಾನು ಹೂಕೋಸಿನ ರಾಶಿಯ ಹಿಂದೆ ಅವಿತುಕೊಂಡೆ.

ಇವತ್ತು ಮಾವ ಫೋನ್ ಮಾಡಿದ್ದರು. “ನಾಳೆ ಗೌರಿ ಹಬ್ಬ ಅಲ್ವೇನಮ್ಮ. ಬಾಗಿನ ತಗೊಂಡು ನಾನೇ ಬರ್ತೀನಿ. ಅವಳು ಮುತ್ತೈದೆ ಕಣಮ್ಮ, ತವರಿನ ಬಾಗಿನ ಅವಳಿಗೆ ಸಲ್ಬೇಕು. ಬಾಗಿಲು ತೆಗೀದಿದ್ರೆ ಹೊಸ್ಲಲ್ಲಿ ಇಟ್ಟು ಹೋಗ್ತೀನಿ.” ನನ್ನ ತಪ್ಪಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವರು ಬರುವ ಮುಂಚೆ ನಿನ್ನನ್ನೂ ನನ್ನ ಗಂಡನನ್ನೂ ಕೂರಿಸಿ ಇದನ್ನು ಓದಿ ಹೇಳುತ್ತೇನೆ. ಗಂಡ ಏನನ್ನುತ್ತಾರೋ ಎಂಬ ಹೆದರಿಕೆ ಇದೆ. ನೀನು ಏನೂ ಅನ್ನದೆ ಎದ್ದು ಹೋಗಿಬಿಟ್ಟರೆ — ಆ ಹೆದರಿಕೆ ಇನ್ನೂ ದೊಡ್ಡದು. ಕ್ಷಮಿಸು ಎಂದು ಕೇಳುವುದಿಲ್ಲ. ನಿನ್ನ ಹಣೆಗೆ ಕುಂಕುಮ ಇಡಲು ಈ ಕೈಗೆ ಯೋಗ್ಯತೆಯೂ ಇಲ್ಲ. ಮಾವ ಬಂದಾಗ ಬಾಗಿಲು ಮಾತ್ರ ನಾನೇ ತೆಗೆಯುತ್ತೇನೆ.